ಹಡಗಿನ ಹಿಂದಿನ ಮಹಡಿ

ಮೈಸೂರಿನ ದಟ್ಟಗಳ್ಳಿಯವರು ಹಡಗು ನೋಡಬೇಕೆಂದರೆ ಘಟ್ಟ ಇಳಿಯಲೇಬೇಕು. ಹಾಗಂತ ಈ ಸೀಮೆಗೂ ಹಡಗಿಗೂ ನಂಟೇ ಇಲ್ಲ ಎನ್ನುವಂತಿಲ್ಲ. ಪಕ್ಕದ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಟಿಪ್ಪು ಸುಲ್ತಾನ್ 1796ರಲ್ಲಿ ನೌಕಾಪಡೆಗೆಂದೇ ಮಂಡಳಿ ರಚಿಸಿ, 40 ಯುದ್ಧನೌಕೆ ಕಟ್ಟಿಸಲು ಹೊರಟಿದ್ದ. ಮಂಗಳೂರು, ಮಿರ್ಜಾನ್ ಕಡೆ ಅದಕ್ಕೆ ಜಾಗ ಗೊತ್ತಾಗಿತ್ತು. 1799ರಲ್ಲಿ ಅವನು ಮಡಿದ ಮೇಲೆ ಯೋಜನೆಯೂ ಮುಳುಗಿತು.

ಆ ಕಾಲದ ದೊಡ್ಡ ಹಾಯಿಹಡಗುಗಳ ಚಿತ್ರ ನೋಡಿ. ಹಿಂಭಾಗ ಮಾಳಿಗೆ ಮನೆಯ ಹಾಗೆ ಎದ್ದು ನಿಂತಿರುತ್ತದೆ. ಅದರ ತಾರಸಿಯೇ ಪೂಪ್ ಡೆಕ್. ಇಂಗ್ಲಿಷ್‌ನಲ್ಲಿ ‘ಪೂಪ್’ ಎಂದರೆ ಮಲ ಎಂದೂ ಅರ್ಥವಿರುವುದರಿಂದ ಹೆಸರು ಕೇಳಿದ ಕಾನ್ವೆಂಟ್ ಮಕ್ಕಳು ಕಿಸಕ್ಕನೆ ನಗಬಹುದು. ಅಸಲಿಗೆ ಅದು ಹಡಗಿನ ಹಿಂಭಾಗಕ್ಕೆ ಲ್ಯಾಟಿನ್‌ನಲ್ಲಿದ್ದ ‘ಪಪ್ಪಿಸ್’ ಎಂಬ ಹೆಸರಿನಿಂದ ಬಂದದ್ದು. ನಾವಿಕರ ಪಾಯಖಾನೆ ಇರುತ್ತಿದ್ದದ್ದು ಹಡಗಿನ ಮೂತಿಯಲ್ಲಿ! ಗಾಳಿ ಹೆಚ್ಚಾಗಿ ಹಿಂದಿನಿಂದಲೋ ಪಕ್ಕದಿಂದಲೋ ಬೀಸುವುದರಿಂದ ವಾಸನೆ ಮುಂದಕ್ಕೆ ಹೋಗುತ್ತಿತ್ತು, ಅಲೆ ಬಡಿದು ಜಾಗ ತೊಳೆದುಕೊಳ್ಳುತ್ತಿತ್ತು.

ತಾರಸಿಯ ಕೆಳಗೆ ಸಾಲು ಕಿಟಕಿಗಳ ಕೋಣೆ, ಕಪ್ತಾನನದ್ದು. ಮೇಲೆ ನಿಂತರೆ ಎಲ್ಲ ಹಾಯಿಗಳೂ ಕಣ್ಣಿಗೆ ಬೀಳುತ್ತಿದ್ದವು. ಹಿಂದಿನಿಂದ ನುಗ್ಗುವ ಅಲೆ ಒಳಗೆ ಬರದಂತೆಯೂ ಈ ಎತ್ತರ ತಡೆಯುತ್ತಿತ್ತು.

ಯುದ್ಧದಲ್ಲಿ ಮಾತ್ರ ಇದೇ ಎತ್ತರ ಪ್ರಾಣಕ್ಕೆ ಕುತ್ತು. 1805ರ ಟ್ರಫಾಲ್ಗರ್ ಕಾಳಗದಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್‌ನ ‘ವಿಕ್ಟರಿ’ ಹಡಗಿನ ಪೂಪ್ ಡೆಕ್ ಮೇಲೆ ಸಾಲಾಗಿ ನಿಂತಿದ್ದ ನೌಕಾ ಸೈನಿಕರಲ್ಲಿ ಎಂಟು ಮಂದಿ ಒಂದೇ ಗುಂಡಿಗೆ ಬಲಿಯಾದರು. ಉಳಿದವರನ್ನು ಅಲ್ಲಿಂದ ಚದುರಿಸಲು ನೆಲ್ಸನ್ ಆಜ್ಞೆ ಮಾಡಬೇಕಾಯಿತು.

ಎತ್ತರ ಹೆಚ್ಚಿದಷ್ಟೂ ಗಾಳಿ ಹಡಗನ್ನು ಪಕ್ಕಕ್ಕೆ ತಳ್ಳುತ್ತದೆ. ಹಾಗಾಗಿ ಹಿಂಭಾಗ ಬರಬರುತ್ತಾ ತಗ್ಗಿತು. ಎಂಜಿನ್ ಬಂದ ಮೇಲೆ ಹಾಯಿ ನೋಡಿಕೊಳ್ಳುವ ಕೆಲಸವೇ ಉಳಿಯಲಿಲ್ಲ. 1999ರಲ್ಲಿ ನೌಕಾಪಡೆ ಸೇರಿದ, ಗಂಡಭೇರುಂಡ ಲಾಂಛನದ ಐಎನ್‌ಎಸ್ ಮೈಸೂರಿನ ಹಿಂಭಾಗದಲ್ಲಿರುವುದು ಹೆಲಿಕಾಪ್ಟರ್ ಇಳಿಯುವ ಚಪ್ಪಟೆ ಅಂಗಳ. ಚಂದ ಹಳೆಯದಕ್ಕೇ ಹೆಚ್ಚು, ಅದರಲ್ಲಿ ಅನುಮಾನವಿಲ್ಲ.

ಸರಕು ಹಡಗುಗಳಲ್ಲಿ ಪೂಪ್ ಡೆಕ್ ಎಂಬ ಹೆಸರು ಇನ್ನೂ ಬದುಕಿದೆ. 1974ರಲ್ಲಿ ಪ್ರಮುಖ ಬಂದರೆನಿಸಿದ ಪಣಂಬೂರಿನ ನವಮಂಗಳೂರಿಗೆ ಬರುವ ಹಡಗುಗಳನ್ನೇ ಗಮನಿಸಿ. ದಕ್ಕೆಗೆ ಕಟ್ಟುವ ದಪ್ಪ ಹಗ್ಗಗಳೂ ಅವನ್ನು ಎಳೆಯುವ ಯಂತ್ರಗಳೂ ಹಿಂದಿನ ಡೆಕ್ಕಿನಲ್ಲಿರುತ್ತವೆ. ಅದರ ಕೆಳಗೆ, ಹೊರಮೈಮೇಲೆ, ಹಡಗಿನ ಹೆಸರೂ ಒಂದು ಊರಿನ ಹೆಸರೂ ಬರೆದಿರುತ್ತದೆ. ಅಲ್ಲಿ ‘ಪನಾಮಾ’ ಎಂದಿದ್ದರೆ ಹಡಗು ಪನಾಮಾದಿಂದ ಬಂದಿದೆ ಎಂದುಕೊಳ್ಳಬೇಡಿ. ಅಲ್ಲಿ ನೋಂದಣಿಯಾಗಿದೆ, ಅಷ್ಟೆ.