ಗುರುವಿನ ಕಣ್ಣೆದುರು ಪಳಗಬೇಕಾದ ಕೈ

ಬಡಗಿಯ ಬಳಿ ಕೆಲಸ ಕಲಿಯಲು ಬಂದ ಹುಡುಗನ ಕೈಗೆ ಮೊದಲ ದಿನವೇ ತೇಗದ ಹಲಗೆಯನ್ನು ಯಾರೂ ಒಪ್ಪಿಸುವುದಿಲ್ಲ. ಅವನು ನೋಡಿ ಕಲಿಯಬೇಕು, ಕಲಿತದ್ದನ್ನು ಮಾಡಿ ತೋರಿಸಬೇಕು, ತಪ್ಪಿದಲ್ಲಿ ತಿದ್ದಿಸಿಕೊಳ್ಳಬೇಕು. ಮರ ಕೆಟ್ಟರೆ ಇನ್ನೊಂದು ಮರ ದೊರೆತೀತು. ಆದರೆ ಕಲಿಯುವವನ ಕೈಗೆ ಒಪ್ಪಿಸಿರುವುದು ಇನ್ನೂ ಮಾತು ಬಾರದ ಒಂದು ಮಗುವಾಗಿದ್ದರೆ?

ಆಟಿಸಂ ಮೊದಲಾದ ಬೆಳವಣಿಗೆಯ ತೊಂದರೆಗಳುಳ್ಳ ಮಕ್ಕಳಿಗೆ ಮಾತು, ಆಟ, ದಿನನಿತ್ಯದ ಕೆಲಸಗಳನ್ನು ಕಲಿಸುವ 'ವರ್ತನಾ ವಿಶ್ಲೇಷಕ'ರೆಂಬ ವೃತ್ತಿಪರರು ಅಮೆರಿಕದಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಈ ಅನ್ವಯಿಕ ಶಾಸ್ತ್ರಕ್ಕೆ ಮೀಸಲಾದ ನಿಯತಕಾಲಿಕವು ಅಲ್ಲಿ 1968ರಲ್ಲಿ ಆರಂಭವಾಯಿತು. ವೃತ್ತಿಗೆ ಪ್ರಮಾಣಪತ್ರ ನೀಡುವ 'ಬಿಹೇವಿಯರ್ ಅನಾಲಿಸ್ಟ್ ಸರ್ಟಿಫಿಕೇಷನ್ ಬೋರ್ಡ್' 1998ರಲ್ಲಿ ಸ್ಥಾಪನೆಗೊಂಡಿತು. ಸ್ನಾತಕೋತ್ತರ ಪದವಿ ಮತ್ತು ಪರೀಕ್ಷೆಗಳಷ್ಟರಿಂದಲೇ ಈ ಪ್ರಮಾಣಪತ್ರ ದೊರೆಯದು. ಅನುಭವಿ ವಿಶ್ಲೇಷಕರೊಬ್ಬರ ಕೈಕೆಳಗೆ ಪಳಗಿರಲೇಬೇಕು.

2022ರಿಂದ ಜಾರಿಗೆ ಬಂದ ನಿಯಮದಂತೆ ಪ್ರಶಿಕ್ಷಣಾರ್ಥಿಯು 2000 ಗಂಟೆಗಳ ಕ್ಷೇತ್ರಾನುಭವ ಪಡೆಯಬೇಕು. ಪ್ರತಿ ತಿಂಗಳೂ ಅವನ ಗಂಟೆಗಳಲ್ಲಿ ಶೇಕಡಾ 5ರಷ್ಟಾದರೂ ಮೇಲ್ವಿಚಾರಣೆಯಲ್ಲಿ ಕಳೆದಿರಬೇಕು. ಮೇಲ್ವಿಚಾರಣೆಯ ಪ್ರಮಾಣವನ್ನು ಶೇಕಡಾ 10ಕ್ಕೆ ಏರಿಸಿಕೊಂಡವರಿಗೆ 1500 ಗಂಟೆಗಳು ಸಾಕು. ಮೇಲ್ವಿಚಾರಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗುಂಪಿನಲ್ಲಿ ನಡೆಯುವಂತಿಲ್ಲ. ಪ್ರಶಿಕ್ಷಣಾರ್ಥಿಯು ಮಗುವಿನೊಡನೆ ಕೆಲಸ ಮಾಡುವುದನ್ನು ಮೇಲ್ವಿಚಾರಕರು ತಿಂಗಳಿಗೊಮ್ಮೆಯಾದರೂ ಕಣ್ಣಾರೆ ಕಾಣಬೇಕು. ಬಂಧುಗಳು ಬಂಧುಗಳಿಗೆ ಮೇಲ್ವಿಚಾರಕರಾಗುವಂತಿಲ್ಲ.

ಇಷ್ಟೊಂದು ಕಟ್ಟುಪಾಡು ಏತಕ್ಕೆಂದು ಓದುಗರು ಕೇಳಬಹುದು. ಒಂದು ಉದಾಹರಣೆಯನ್ನು ಗಮನಿಸೋಣ. ಮಗುವೊಂದು ಪಾಠದ ವೇಳೆಯಲ್ಲಿ ತಲೆಯನ್ನು ಮೇಜಿಗೆ ಬಡಿದುಕೊಳ್ಳುತ್ತದೆ ಎನ್ನೋಣ. ಹೊಸಬನಾದ ಪ್ರಶಿಕ್ಷಣಾರ್ಥಿಯು ಗಾಬರಿಗೊಂಡು ಪುಸ್ತಕವನ್ನು ಬದಿಗಿಡುತ್ತಾನೆ, ಮಗು ಶಾಂತವಾಗುತ್ತದೆ. ಅವನಿಗೆ ಸಮಾಧಾನ. ಆದರೆ ತಲೆ ಬಡಿದುಕೊಂಡರೆ ಪಾಠ ನಿಲ್ಲುತ್ತದೆಂಬುದನ್ನು ಮಗು ಆ ಕ್ಷಣದಲ್ಲಿ ಕಲಿತಿರಬಹುದು. ನಾಳೆ ಅದು ಇನ್ನೂ ಜೋರಾಗಿ ಬಡಿದುಕೊಂಡೀತು. ಅನುಭವಿಯ ಕಣ್ಣು ಇದನ್ನು ಬೇಗನೆ ಗುರುತಿಸುತ್ತದೆ. ಪಾಠ ಕಠಿಣವಾಯಿತೇ, ಕಿವಿನೋವು ಅಥವಾ ಹಲ್ಲುನೋವು ಇದೆಯೇ ಎಂದು ವಿಚಾರಿಸುತ್ತದೆ. 'ಸಾಕು' ಎಂದು ಸನ್ನೆಯಿಂದ ಹೇಳಲು ಮಗುವಿಗೆ ಕಲಿಸುವ ದಾರಿ ತೋರುತ್ತದೆ. ಗ್ರಂಥದಲ್ಲಿ ಈ ತತ್ತ್ವ ಅಚ್ಚಾಗಿದೆ, ನಿಜ. ಆದರೆ ಗಾಬರಿಯ ಗಳಿಗೆಯಲ್ಲಿ ಅದನ್ನು ನೆನಪಿಗೆ ತರುವುದು ಪಳಗಿದ ಬುದ್ಧಿ ಮಾತ್ರ.

ಉತ್ತಮ ಮೇಲ್ವಿಚಾರಣೆಗೆ ನಾಲ್ಕು ಮೆಟ್ಟಿಲುಗಳಿವೆ: ವಿವರಿಸಿ ಹೇಳುವುದು, ಮಾಡಿ ತೋರಿಸುವುದು, ಮಾಡಿಸಿ ನೋಡುವುದು, ಕಂಡದ್ದನ್ನು ಕಂಡಂತೆ ತಿಳಿಸಿ ತಿದ್ದುವುದು. ಕೆಲಸ ಸರಿಹೋಗುವ ತನಕ ಕೊನೆಯ ಎರಡು ಮೆಟ್ಟಿಲುಗಳನ್ನು ಮತ್ತೆ ಮತ್ತೆ ಹತ್ತಬೇಕು. ಮೊದಲನೆಯದರಲ್ಲೇ ನಿಂತುಬಿಟ್ಟರೆ ಅದು ಉಪನ್ಯಾಸವಾದೀತೇ ಹೊರತು ತರಬೇತಿಯಾಗದು.

ಅಪಾಯವಿರುವುದೂ ಇಲ್ಲಿಯೇ. ಗಂಟೆಗಳನ್ನು ಬರೆದಿಟ್ಟು ಸಹಿ ಹಾಕುವುದು ಸುಲಭ. ಎದುರಿಗೆ ಕುಳಿತು ತಿದ್ದುವುದು ಕಷ್ಟ. ಪ್ರಶಿಕ್ಷಣಾರ್ಥಿಯನ್ನು ಅಗ್ಗದ ಕೆಲಸಗಾರನಂತೆ ದುಡಿಸಿಕೊಳ್ಳುವ ಆಸೆಯೂ ಸಂಸ್ಥೆಗಳಿಗೆ ಬರಬಹುದು. ಆದುದರಿಂದಲೇ 2000 ಗಂಟೆಗಳಲ್ಲಿ ಶೇಕಡಾ 60ರಷ್ಟಾದರೂ ವರ್ತನೆಯ ಕಾರಣವನ್ನು ಪರಿಶೀಲಿಸುವುದು, ಯೋಜನೆ ರೂಪಿಸುವುದು, ಹೆತ್ತವರಿಗೆ ತಿಳಿಹೇಳುವುದು ಮುಂತಾದ ವಿಶ್ಲೇಷಕನ ನಿಜವಾದ ಕೆಲಸಗಳಿಗೆ ಮೀಸಲಾಗಿರಬೇಕೆಂಬ ಕಟ್ಟಳೆಯಿದೆ. ಈ ಚಿಕಿತ್ಸೆಯು ಮಗುವನ್ನು ಕೇವಲ ವಿಧೇಯಗೊಳಿಸಲು ಹೊರಟಿತೆಂದು ಆಟಿಸಂ ಉಳ್ಳ ವಯಸ್ಕರೇ ಆಕ್ಷೇಪ ಎತ್ತಿದ್ದಾರೆ. ಮಗುವಿನ ಅಳಲನ್ನು ಹಟವೆಂದು ತಳ್ಳಿಹಾಕದೆ ಆಲಿಸುವುದನ್ನು ಕಲಿಸದ ಮೇಲ್ವಿಚಾರಣೆ ಅಪೂರ್ಣವೇ ಸರಿ.

ನಮ್ಮ ನಾಡಿನ ಹೆತ್ತವರಿಗೂ ಇದು ದೂರದ ಮಾತಲ್ಲ. 2023ರ ಜನವರಿ 1ರ ನಂತರ ಭಾರತದಲ್ಲಿ ವಾಸಿಸುವವರು ಈ ಅಮೆರಿಕದ ಪ್ರಮಾಣಪತ್ರಕ್ಕೆ ಹೊಸದಾಗಿ ಅರ್ಜಿ ಸಲ್ಲಿಸಲು ಅವಕಾಶವಿಲ್ಲವಾಗಿದೆ. ಆದರೂ ಇಂಥ ಚಿಕಿತ್ಸೆ ನೀಡುವ ಕೇಂದ್ರಗಳು ನಮ್ಮ ನಗರಗಳಲ್ಲಿವೆ. ಅಲ್ಲಿ ಗೋಡೆಗೆ ತೂಗುಹಾಕಿದ ಪತ್ರವನ್ನು ನೋಡಿದರಷ್ಟೇ ಸಾಲದು. ನಮ್ಮ ಮಗುವಿನೊಡನೆ ದಿನವೂ ಕುಳಿತುಕೊಳ್ಳುವವರು ಯಾರು? ಅವರ ಕೆಲಸವನ್ನು ನೋಡಿ ತಿದ್ದುವವರು ಯಾರು? ಅವರು ಕೊನೆಯ ಬಾರಿ ಮಗುವನ್ನು ಕಂಡದ್ದು ಯಾವಾಗ? ಈ ಮೂರು ಪ್ರಶ್ನೆಗಳನ್ನು ಸೌಜನ್ಯದಿಂದ, ಆದರೆ ಅಳುಕಿಲ್ಲದೆ ಕೇಳುವ ಹಕ್ಕು ತಾಯಿತಂದೆಯರಿಗಿದೆ.

ಹಾಗೆಂದು ಕಲಿಯುವ ಯುವಜನರನ್ನು ಸಂಶಯದಿಂದ ಕಾಣಬೇಕಾಗಿಲ್ಲ. ಎಲ್ಲ ಗುರುಗಳೂ ಒಂದು ಕಾಲದಲ್ಲಿ ಕಲಿಯುವವರೇ ಆಗಿದ್ದರು. ಕಲಿಯುವವರ ಹಿಂದೆ ತಿಳಿದವರೊಬ್ಬರು ನಿಂತಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಂಡರೆ ಮಗುವಿಗೂ ಕ್ಷೇಮ, ಕಲಿಯುವವರಿಗೂ ಕ್ಷೇಮ.