ವೈನ್ ಹಳೆಯದಾದಷ್ಟೂ ಒಳ್ಳೆಯದೇ? ಶೋಕೇಸಿನಲ್ಲಿಟ್ಟ ವೈಟ್ ವೈನ್ ಬಾಟಲಿಯ ನಿಜ ಕಥೆ

"ವೈನ್ ಹಳೆಯದಾದಷ್ಟೂ ರುಚಿ ಜಾಸ್ತಿ, ಕಿಕ್ ಜಾಸ್ತಿ, ಹೃದಯಕ್ಕೂ ಒಳ್ಳೆಯದು." ಸ್ನೇಹದ ಬಗ್ಗೆ ಬರುವ ಗುಡ್ ಮಾರ್ನಿಂಗ್ ಮೆಸೇಜಿನಿಂದ ಹಿಡಿದು ಆರೋಗ್ಯದ ಟಿಪ್ಸ್‌ವರೆಗೆ ಈ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಇದನ್ನು ನಂಬಿ, ಯಾರೋ ಉಡುಗೊರೆ ಕೊಟ್ಟ ಅಥವಾ ನಂದಿ ಬೆಟ್ಟದ ಕಡೆ ಹೋದಾಗ ತಂದ ವೈಟ್ ವೈನ್ ಬಾಟಲಿಯನ್ನು ಟಿವಿ ಪಕ್ಕದ ಶೋಕೇಸಿನಲ್ಲಿ ವರ್ಷಗಟ್ಟಲೆ ಇಡುವವರು ನಮ್ಮ ಹಾಸನ ಸೀಮೆಯಲ್ಲೂ ಇದ್ದಾರೆ. ಕೊರವಂಗಲದ ಬೂಚೇಶ್ವರ ದೇವಸ್ಥಾನ 1173ರಿಂದ ಗಟ್ಟಿಯಾಗಿ ನಿಂತಿದೆ. ಶೋಕೇಸಿನ ಬಾಟಲಿಗೆ ಆ ಯೋಗ ಇಲ್ಲ. ಜಗತ್ತಿನ ವೈಟ್ ವೈನ್‌ಗಳಲ್ಲಿ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದವು.

ನಮ್ಮ ಅಡುಗೆಮನೆಯ ಲೆಕ್ಕದಲ್ಲೇ ಹೇಳುವುದಾದರೆ, ಹಳೇ ಹುಣಸೆಹಣ್ಣಿಗೆ, ಹಳೇ ಅಕ್ಕಿಗೆ ಬೆಲೆ ಇದೆ. ಆದರೆ ಹಳೇ ಕಾಫಿಪುಡಿಯನ್ನು ಯಾರೂ ಮೆಚ್ಚುವುದಿಲ್ಲ, ಘಮವೇ ಹೋಗಿರುತ್ತದೆ. ವೈಟ್ ವೈನ್‌ಗಳಲ್ಲಿ ಹೆಚ್ಚಿನವು ಕಾಫಿಪುಡಿಯ ಜಾತಿ. ಹುಣಸೆಯಂತೆ ಮಾಗುವವು ಕೆಲವೇ ಕೆಲವು.

ಒಳಗೆ ಏನಾಗುತ್ತದೆ?

ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಹೆಚ್ಚುಕಮ್ಮಿ ಎಲ್ಲ ಸಕ್ಕರೆಯೂ ಮುಗಿದು ಸಿಹಿ ಉಳಿಯದಿದ್ದರೆ ಅದು 'ಡ್ರೈ' ವೈನ್. ರೆಡ್ ವೈನ್‌ನಲ್ಲಿ ದ್ರಾಕ್ಷಿಯ ಸಿಪ್ಪೆಯೂ ರಸದ ಜೊತೆಗೇ ಹುದುಗುತ್ತದೆ, ಅದರ ಒಗರು ವೈನ್‌ಗೆ ಇಳಿಯುತ್ತದೆ. ಆ ಒಗರಿಗೆ ಟ್ಯಾನಿನ್ ಅನ್ನುತ್ತಾರೆ. ಗಾಳಿಯ ಆಮ್ಲಜನಕದ ಏಟನ್ನು ಅದು ತಡೆದುಕೊಳ್ಳುತ್ತದೆ. ವೈಟ್ ವೈನ್‌ನಲ್ಲಿ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವುದರಿಂದ ಈ ರಕ್ಷಣೆ ತೀರಾ ಕಡಿಮೆ. ಅದನ್ನು ಕಾಯುವುದು ಮುಖ್ಯವಾಗಿ ಎರಡು: ಹಣ್ಣಿನ ಹುಳಿ, ಮತ್ತು ತಯಾರಕರು ಸ್ವಲ್ಪ ಸೇರಿಸುವ ಸಲ್ಫರ್ ಡೈಆಕ್ಸೈಡ್. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದಲ್ಲ, ಈ ಕಾವಲು ಮುಗಿದ ಮೇಲೆ ವೈನ್‌ನ ಪಾಡೂ ಸುಮಾರು ಹಾಗೇ.

ಹುಳಿ ವಿಚಾರಕ್ಕೆ ಬಂದರೆ ನಮ್ಮ ಹವೆ ಸ್ವಲ್ಪ ಎದುರಾಳಿ. ಕನ್ವಲ್ ಗ್ರೋವರ್ ಅವರು 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಶುರುಮಾಡಿದಾಗ ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲನ್ನು ಆರಿಸಿದ್ದಕ್ಕೆ ಕಾರಣ ಅಲ್ಲಿನ ಎತ್ತರ ಮತ್ತು ತಂಪು ರಾತ್ರಿಗಳು. ಆದರೂ ಬೇಸಿಗೆ ಏರುತ್ತಿರುವಾಗ ಹಣ್ಣು ಮಾಗುತ್ತದೆ, ಬಿಸಿಲಿಗೆ ದ್ರಾಕ್ಷಿಯ ಹುಳಿ ಬೇಗ ಕರಗುತ್ತದೆ. ಹೀಗಾಗಿ ಕರ್ನಾಟಕದ ಸೊವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್‌ಗಳಲ್ಲಿ ಹೆಚ್ಚಿನವು ತಾಜಾ ಇರುವಾಗಲೇ ಚೆನ್ನ. ಇದೇನೂ ಕೊರತೆಯಲ್ಲ. ಎಳನೀರನ್ನು ಯಾರಾದರೂ ಮಾಗಿಸಿ ಕುಡಿಯುತ್ತಾರೆಯೇ?

ಹಾಗಾದರೆ ಮಾಗುವ ವೈಟ್ ವೈನ್ ಇಲ್ಲವೇ ಇಲ್ಲವೇ? ಇವೆ. ಜರ್ಮನಿಯ ರೀಸ್ಲಿಂಗ್, ಫ್ರಾನ್ಸಿನ ಲುವಾರ್ ಕಣಿವೆಯ ಶೆನಿನ್, ಆಸ್ಟ್ರೇಲಿಯಾದ ಹಂಟರ್ ಕಣಿವೆಯ ಸೆಮಿಯೋನ್ ಹತ್ತಿಪ್ಪತ್ತು ವರ್ಷ ತಾಳಬಲ್ಲವು. ಫ್ರಾನ್ಸಿನ ಜುರಾ ಪ್ರಾಂತ್ಯದ 'ವಾನ್ ಜೋನ್' ಎಂಬ ಡ್ರೈ ವೈನ್‌ನ 1774ರ ಬಾಟಲಿಯೊಂದು 2018ರ ಹರಾಜಿನಲ್ಲಿ 1,03,700 ಯೂರೋಗೆ ಹೋಯಿತು. ಆದರೆ ವಾನ್ ಜೋನ್ ಬಾಟಲಿಗೆ ಇಳಿಯುವ ಮುಂಚೆಯೇ ಆರು ವರ್ಷಕ್ಕೂ ಹೆಚ್ಚು ಕಾಲ ಮರದ ಪೀಪಾಯಿಯಲ್ಲಿ ಕಳೆಯುವ ವೈನ್, ಮತ್ತು ಆ ಬಾಟಲಿ ಇದ್ದದ್ದು ತಂಪಾದ ನೆಲಮಾಳಿಗೆಯಲ್ಲಿ. ಮಾಗಿಸಲು ಬೇಕಾದ್ದು ವರ್ಷವಿಡೀ 12-14 ಡಿಗ್ರಿಯ ತಂಪು ಮತ್ತು ಕತ್ತಲೆ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಅರಕಲಗೂಡೋ ಚನ್ನರಾಯಪಟ್ಟಣವೋ, ಏಪ್ರಿಲ್ ತಿಂಗಳ ಶೋಕೇಸಿನಲ್ಲಿ ಆಗುವುದು ಮಾಗುವುದಲ್ಲ, ಬೇಯುವುದು.

ಕಿಕ್, ಎಕ್ಸ್‌ಪೈರಿ, ಹೃದಯ

ಹಳೆಯದಾದರೆ ಕಿಕ್ ಹೆಚ್ಚುತ್ತದೆ ಅನ್ನುವುದು ಸುಳ್ಳು. ಡ್ರೈ ವೈನ್‌ನಲ್ಲಿ ಸಕ್ಕರೆಯೇ ಇಲ್ಲದ ಮೇಲೆ ಹೊಸ ಆಲ್ಕೋಹಾಲ್ ಎಲ್ಲಿಂದ ಹುಟ್ಟಬೇಕು? ಮನೆಯಲ್ಲಿ ಮಾಡುವ ಸಿಹಿ ವೈನ್ ಮಾತ್ರ ಬೇರೆ. ಅದರಲ್ಲಿ ಸಕ್ಕರೆಯೂ ಜೀವಂತ ಯೀಸ್ಟೂ ಉಳಿದಿದ್ದರೆ ಮುಚ್ಚಿದ ಬಾಟಲಿಯೊಳಗೇ ಹುದುಗಿ, ಗ್ಯಾಸ್ ತುಂಬಿ, ಗಾಜು ಸಿಡಿಯಬಹುದು. ಮಕ್ಕಳು ಓಡಾಡುವ ಜಾಗದಲ್ಲಿ ಇಡಲೇಬೇಡಿ.

ವೈನ್ ಮೇಲೆ ಎಕ್ಸ್‌ಪೈರಿ ಡೇಟ್ ಇಲ್ಲ, ಹಾಗಾಗಿ ಕೆಡುವುದೇ ಇಲ್ಲ ಎಂಬ ವಾದವೂ ಇದೆ. ಆಲ್ಕೋಹಾಲ್ ಮತ್ತು ಹುಳಿ ಇರುವಲ್ಲಿ ರೋಗಾಣುಗಳು ಬೆಳೆಯುವುದು ಕಷ್ಟ, ಅಷ್ಟೇ. ರುಚಿಗೆ ಅದರಿಂದ ಯಾವ ಗ್ಯಾರಂಟಿಯೂ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ, ಹಳೇ ವೈನ್‌ನಲ್ಲಿ ಮೆಥನಾಲ್ ಹುಟ್ಟಿ ವಿಷವಾಗುತ್ತದೆ ಎನ್ನುವವರಿದ್ದಾರೆ. ಸೀಲ್ ಆದ ಬಾಟಲಿ ಹಳೆಯದಾದ ಮಾತ್ರಕ್ಕೆ ಹಾಗಾಗುವುದಿಲ್ಲ.

ಹೃದಯದ ಮಾತಂತೂ ಫಾರ್ವರ್ಡ್ ಮಾಡಲೇಬೇಡಿ. ಆಲ್ಕೋಹಾಲ್ ಅನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಇಪ್ಪತ್ತು ವರ್ಷದ ಬಾಟಲಿಗೂ ಈ ಮಾತು ಅನ್ವಯ.

ಮಾಗಿದ್ದೋ ಕೆಟ್ಟಿದ್ದೋ, ತಿಳಿಯುವುದು ಹೇಗೆ?

ಹಳೇ ಬಾಟಲಿ ತೆರೆಯುವುದಾದರೆ ಮೊದಲು ಗ್ಲಾಸಿಗೆ ಸ್ವಲ್ಪ ಹಾಕಿ, ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ರೆಡ್ ವೈನ್ ವಯಸ್ಸಾದಂತೆ ತೆಳುವಾಗುತ್ತದೆ, ವೈಟ್ ವೈನ್ ಗಾಢವಾಗುತ್ತದೆ. ಹೊಳೆಯುವ ಬಂಗಾರದ ಬಣ್ಣವಿದ್ದರೆ ಆಸೆ ಇಟ್ಟುಕೊಳ್ಳಬಹುದು. ಮಂಕಾದ ಚಹಾ ಡಿಕಾಕ್ಷನ್ ಬಣ್ಣವಾದರೆ ಬಹುಮಟ್ಟಿಗೆ ಕಥೆ ಮುಗಿದಿದೆ (ವಾನ್ ಜೋನ್‌ನಂಥವನ್ನು ಬಿಡಿ). ಆಮೇಲೆ ಮೂಸಿ. ಮಾಗಿದ್ದರಲ್ಲಿ ಎಳೆಯ ಹಣ್ಣಿನ ವಾಸನೆ ಹಿಂದೆ ಸರಿದು ಜೇನು, ಹುರಿದ ಬಾದಾಮಿ, ಸುಟ್ಟ ಬ್ರೆಡ್‌ನ ಘಮ ಬಂದಿರುತ್ತದೆ. ಹಳೇ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆಯ ಎಳೆಯೊಂದು ಸುಳಿಯುತ್ತದೆ, ಅದನ್ನೇ ಮೆಚ್ಚಿ ಕುಡಿಯುವವರಿದ್ದಾರೆ! ವಿನೆಗರ್, ನೇಲ್ ಪಾಲಿಶ್, ಒದ್ದೆ ರಟ್ಟಿನ ವಾಸನೆ ಬಂದರೆ ಸಿಂಕಿಗೆ ಸುರಿಯಿರಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮೂಸಬೇಡಿ, ಚಳಿಗೆ ಒಳ್ಳೆಯದೂ ಕೆಟ್ಟದ್ದೂ ಎರಡೂ ಅಡಗಿಕೊಳ್ಳುತ್ತವೆ. ಕೊನೆಗೆ ಒಂದು ಗುಟುಕು: ನಾಲಿಗೆಯ ಅಂಚಿನಲ್ಲಿ ಹುಳಿ ಇನ್ನೂ ಚುರುಕಾಗಿದ್ದರೆ ವೈನ್‌ಗೆ ಜೀವ ಇದೆ ಎಂದರ್ಥ. ಸಪ್ಪೆಯಾಗಿ ಕಹಿ ಉಳಿದರೆ ಇಲ್ಲ.

ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಹೆದರಿ ವಿಡಿಯೋ ಮಾಡಿ ಹಂಚಬೇಡಿ. ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣ, ತಂಪಿಗೆ ಹರಳುಗಟ್ಟಿದ್ದು. ಸಾರಿಗೆ ಹಿಂಡುವ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಅದೇ ಆಮ್ಲದ್ದು.