ಫನ್ಸುರು, ಪೆನ್ಸಿಲ್ಲು ಮತ್ತು ಇಂಗ್ಲಿಷು

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ ಬೆಳೆದವನು ನಾನು. ಮುಂದೊಂದು ದಿನ ಪರದೇಶದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆಂದು ಯಾರಾದರೂ ಹೇಳಿದ್ದರೆ, ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರೇ ಮೊದಲು ನಗುತ್ತಿದ್ದರು. ಆದರೂ 2002ರಲ್ಲಿ ಅದು ನಡೆದೇಹೋಯಿತು.

ಆಗ ನಾಗಮಂಗಲದ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಮಾಲ್ಡೀವ್ಸ್‌ನಲ್ಲಿ ಎರಡು ವರ್ಷ ಪಾಠ ಮಾಡುವ ಅವಕಾಶ ಬಂತು. ಸುಮಾರು 1,200 ಹವಳದ ದ್ವೀಪಗಳ ಆ ದೇಶದ ಜನರ ಮಾತು ದಿವೇಹಿ. ಶಾಲೆಯ ಪಾಠಗಳು ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿ. ಹಾಗಾಗಿ ಭಾರತದಿಂದ ಅಲ್ಲಿಗೆ ಹೋಗುವ ಶಿಕ್ಷಕರಿಗೇನೂ ಕಡಿಮೆ ಇಲ್ಲ. ಹೊರಡುವಾಗ ಅವ್ವನದು ಒಂದೇ ಚಿಂತೆ: “ಅಲ್ಲಿ ರಾಗಿ ಸಿಕ್ತದೇನ್ಲಾ?”

ತಿರುವನಂತಪುರದಿಂದ ಮಾಲೆಗೆ ವಿಮಾನ, ಅಲ್ಲಿಂದ ಮುಂದೆ ರಾತ್ರಿಯಿಡೀ ದೋಣಿ. ನಮ್ಮ ದೋಣಿಗೆ ಅವರೂ ‘ದೋನಿ’ ಎನ್ನುವುದನ್ನು ಕೇಳಿ ಅರ್ಧ ಭಯ ಇಳಿಯಿತು. ಉಳಿದರ್ಧ ಬೆಳಗಾಗಿ ನೆಲ ಕಂಡ ಮೇಲೆ ಇಳಿಯಿತು.

ಕೆಲವೇ ದಿನಗಳಲ್ಲಿ ಅಲ್ಲಿನ ಇಂಗ್ಲಿಷ್ ಶಿಕ್ಷಕರು ಕೆಲಸ ಬಿಟ್ಟರು. ಐದನೆಯ ತರಗತಿಯ ಇಂಗ್ಲಿಷ್ ನನ್ನ ಕೊರಳಿಗೆ ಬಿತ್ತು. ಮೊದಲ ಪಾಠದಲ್ಲೇ ‘ರಿವರ್’ ಎಂಬ ಪದ. ಆ ದೇಶದಲ್ಲಿ ನದಿಯೇ ಇಲ್ಲ! ಬೆಟ್ಟವೂ ಇಲ್ಲ, ಅಲ್ಲಿನ ಅತಿ ಎತ್ತರದ ನೆಲವೂ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಮಾತ್ರ. ರೈಲಂತೂ ಇಲ್ಲವೇ ಇಲ್ಲ. ಕುಂತಿಬೆಟ್ಟ ನೋಡುತ್ತ, ರೈಲಿನ ಸದ್ದು ಕೇಳುತ್ತ ಬೆಳೆದ ನಾನು ಸೀಮೆಸುಣ್ಣ ಹಿಡಿದು ಕಾವೇರಿಯ ಚಿತ್ರ ಬರೆದೆ. ನದಿ ಎರಡಾಗಿ ಸೀಳಿ ಶ್ರೀರಂಗಪಟ್ಟಣವನ್ನು ಸುತ್ತುವರಿದಿರುವುದನ್ನು ತೋರಿಸಿ, “ಇದೂ ನಿಮ್ಮೂರಿನಂತೆ ದ್ವೀಪವೇ” ಎಂದೆ. ಹುಡುಗಿಯೊಬ್ಬಳು ಎದ್ದು, ಸುತ್ತಲಿನ ಆ ನೀರು ಉಪ್ಪೇ ಎಂದು ಕೇಳಿದಳು. ಸಿಹಿನೀರು, ಕಬ್ಬು ಬೆಳೆಯುತ್ತೇವೆ ಎಂದರೆ ತರಗತಿಗೆ ನಂಬಿಕೆಯೇ ಬರಲಿಲ್ಲ. ಪ್ರಶ್ನೆಗಳ ಸುರಿಮಳೆ! ವ್ಯಾಕರಣವೆಲ್ಲ ಅಡಿಮೇಲಾಗಿತ್ತು, ಮಾತು ಮಾತ್ರ ನಿಲ್ಲಲಿಲ್ಲ. ತಿಳಿಯುವ ಹಂಬಲವಿದ್ದರೆ ಭಾಷೆ ತಾನಾಗಿ ಬರುತ್ತದೆಂಬುದು ನನಗೆ ಅಂದು ಸಿಕ್ಕ ಮೊದಲ ಪಾಠ.

ಎರಡನೆಯ ಪಾಠ ಕಲಿಸಿದವನು ಹಿಂದಿನ ಬೆಂಚಿನ ಹುಡುಗ. ಒಂದು ದಿನ ಅವನು “ಸರ್, ಫನ್ಸುರು” ಎಂದು ಕೈ ಚಾಚಿದ. ಪೆನ್ಸಿಲ್‌ಗೆ ದಿವೇಹಿಯಲ್ಲಿ ಹಾಗೆನ್ನುತ್ತಾರೆ. ನನಗೆ ತಿಳಿದಿರಲಿಲ್ಲ, ನಕ್ಕುಬಿಟ್ಟೆ. ತರಗತಿಯೂ ನಕ್ಕಿತು. ಹುಡುಗ ಕೂತವನು ಮೂರು ವಾರ ಬಾಯಿ ಬಿಡಲಿಲ್ಲ. ಕಾರಣ ಹೊಳೆಯಲು ನನಗೆ ಅಷ್ಟೇ ದಿನ ಹಿಡಿಯಿತು.

ಅವರ ಮಾತಿನಲ್ಲಿ ಹಿಂದಿದ್ದ ‘ಪ’ಕಾರ ಕಾಲಕ್ರಮದಲ್ಲಿ ‘ಫ’ ಆಗಿದೆಯೆಂದು ಆಮೇಲೆ ತಿಳಿಯಿತು. ಪಂಚ ಅಲ್ಲಿ ‘ಫಸ್’. ಹಳಗನ್ನಡದ ಪಾಲು, ಪುಲಿಗಳು ನಮ್ಮ ಬಾಯಲ್ಲಿ ಹಾಲು, ಹುಲಿ ಆಗಲಿಲ್ಲವೇ? ಅಷ್ಟೇಕೆ, ಸಂಸ್ಕೃತದ ಪಂಚ, ಪಿತೃ, ಪಾದಗಳ ಪಕ್ಕದಲ್ಲಿ ಇಂಗ್ಲಿಷಿನ ಫೈವ್, ಫಾದರ್, ಫುಟ್ ಇಟ್ಟು ನೋಡಿ. ಇಂಗ್ಲಿಷೇ ಬಹಳ ಹಿಂದೆ ‘ಪ’ವನ್ನು ‘ಫ’ ಮಾಡಿಕೊಂಡ ಭಾಷೆ! ಹುಡುಗ ತಪ್ಪೇನು ಮಾಡಿದ್ದ?

ಮರುದಿನ ತರಗತಿಯೆದುರಲ್ಲೇ ಅವನ ಕ್ಷಮೆ ಕೇಳಿ, ಹೊಸ ಪೆನ್ಸಿಲ್ ಕೊಡುತ್ತ, “ಟೇಕ್ ದಿಸ್ ಪೆನ್ಸಿಲ್ಲು” ಎಂದೆ. ಅವನು ನನ್ನ ಮುಖ ನೋಡಿದ. “ಸರ್, ವೈ ಲು?” ಈ ಸಲ ನಕ್ಕಿದ್ದು ಅವನು, ಜೊತೆಗೆ ನಾನೂ. ಬಸ್ಸು, ಕಾರು, ಸ್ಕೂಲು ಎಂದು ಪ್ರತಿಯೊಂದಕ್ಕೂ ‘ಉ’ಕಾರದ ಬಾಲ ಅಂಟಿಸುವ ನಮ್ಮ ಮಂಡ್ಯದ ನಾಲಗೆ ಕಡಲು ದಾಟಿದರೂ ಬದಲಾಗಿರಲಿಲ್ಲ. ಅಂದಿನಿಂದ ನಾವಿಬ್ಬರೂ ಪರಸ್ಪರ ತಿದ್ದಿಕೊಂಡೆವು. ವರ್ಷದ ಕೊನೆಗೆ ಶಾಲಾ ಸಭೆಯಲ್ಲಿ ಅವನು ನಿಂತು ಇಂಗ್ಲಿಷಿನಲ್ಲಿ ಐದು ನಿಮಿಷ ಮಾತನಾಡಿದ. ಆರು ತಪ್ಪು ಎಣಿಸಿದೆ, ಒಂದನ್ನೂ ಹೇಳಲಿಲ್ಲ.

ಊರಿಗೆ ಮರಳಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದವು. ಈಗ ಕೆ.ಆರ್. ಪೇಟೆಯಲ್ಲಿ ವಿಜ್ಞಾನವನ್ನೇ ಕಲಿಸುತ್ತಿದ್ದೇನೆ. “ಮೇಷ್ಟ್ರೇ, ಇಷ್ಟೆಲ್ಲ ಫೀಸು ಕಟ್ತೀವಿ, ನಮ್ಮುಡ್ಗ ಇಂಗ್ಲಿಷಲ್ಲಿ ಬಾಯೇ ಬಿಡಲ್ಲ” ಎಂದು ತಂದೆತಾಯಂದಿರು ಬಂದು ಹೇಳುವುದುಂಟು. ನಾನು ಅವರನ್ನು ಕೂರಿಸಿ ಮೊದಲು ಕೇಳುವುದು ಇಷ್ಟೇ: “ಹಿಂದೆ ಯಾವತ್ತಾದರೂ ಬಾಯಿ ಬಿಟ್ಟಾಗ ನಕ್ಕವರು ಯಾರು, ಸ್ವಲ್ಪ ಜ್ಞಾಪಿಸಿಕೊಳ್ಳಿ.”